ತೋಳದ ತೊಗಲಿಗೆ ಸರ್ಕಾರದ ಮೊಹರು

“ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು” ಎಂಬುದು ಕನ್ನಡದ ಹಳೆಯ ಗಾದೆ. ಕುರಿಹಟ್ಟಿಯ ಶತ್ರುವಿಗೆ ಕಷ್ಟ ಬಂದಾಗ ಊರಿಗೆ ಊರೇ ನೆರೆದು ಹಳೆಯ ಸೇಡು ತೀರಿಸಿಕೊಳ್ಳುವ ಚಿತ್ರ ಅದರಲ್ಲಿದೆ. ಯಾರ ಕಲ್ಲೇಟಿನಿಂದ ತೋಳ ಸತ್ತಿತೆಂದು ಆ ಮೇಲೆ ಒಬ್ಬರೂ ವಿಚಾರಿಸುವುದಿಲ್ಲ. ಸತ್ತ ಪ್ರಾಣಿ ಹಳ್ಳದಲ್ಲಿಯೇ ಕೊಳೆತು ಹೋದರೆ ಯಾರಿಗೂ ಏನೋ ನಷ್ಟವಾಯಿತೆಂದು ಅನ್ನಿಸುವುದೂ ಇಲ್ಲ.

ಭೂಗೋಲದ ಉತ್ತರದ ಅಂಚಿನಲ್ಲಿರುವ ಅಲಾಸ್ಕಾದಲ್ಲಿ ಮಾತ್ರ ಈ ಗಾದೆ ನಡೆಯುವಂತಿಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಕ್ಕೆ ಸೇರಿದ ಆ ರಾಜ್ಯದಲ್ಲಿ, ಗೊತ್ತಾದ ಕಾಲದಲ್ಲಿ, ಪರವಾನಗಿ ಪಡೆದವನು ತೋಳವನ್ನು ಕೊಲ್ಲುವುದಕ್ಕೆ ಅನುಮತಿಯುಂಟು. ಆದರೆ ಕೊಂದ ತೋಳವನ್ನು ಹಿಮದ ಮೇಲೆ ಹಾಗೆಯೇ ಬಿಟ್ಟು ಬರುವುದಕ್ಕೆ ಅನುಮತಿಯಿಲ್ಲ. ಅದರ ತೊಗಲನ್ನು ಸುಲಿದು, ಕೆಡದಂತೆ ಕಾಪಾಡಿ, ಊರಿಗೆ ತಂದು, ಸರ್ಕಾರದ ಪ್ರತಿನಿಧಿಯ ಮುಂದೆ ಹಾಜರುಪಡಿಸಿ, ಅದಕ್ಕೆ ಮೊಹರು ಹಾಕಿಸಿಕೊಳ್ಳಬೇಕು. ತೋಳಕ್ಕಷ್ಟೇ ಅಲ್ಲ, ನರಿ, ಲಿಂಕ್ಸ್ ಎಂಬ ಉತ್ತರ ದೇಶದ ಕಾಡುಬೆಕ್ಕು, ನೀರುನಾಯಿಯ ಬಳಗಕ್ಕೆ ಸೇರಿದರೂ ಚಿಕ್ಕ ಕರಡಿಯಂತೆ ಕಾಣುವ ವುಲ್ವರೀನ್ – ಇವುಗಳ ತೊಗಲನ್ನು ಪೋಲು ಮಾಡುವುದೂ ಅಪರಾಧವೇ. ಕಂದು ಕರಡಿಯದಾದರೆ ತೊಗಲಿನ ಜೊತೆಗೆ ತಲೆಬುರುಡೆಯನ್ನೂ ತರಬೇಕೆಂಬುದು ಸಾಮಾನ್ಯ ನಿಯಮ.

ಕೊಲ್ಲುವುದನ್ನು ತಡೆಯದ ಕಾಯಿದೆ, ಕೊಂದ ಮೇಲೆ ತೊಗಲಿನ ಚಿಂತೆಗೆ ಬೀಳುವುದೇಕೆ? ಸತ್ತ ತೋಳಕ್ಕೆ ಅದರ ತೊಗಲು ಬೀಸುಗಲ್ಲಿಗೆ ಸಿಕ್ಕಿದರೇನು, ಶ್ರೀಮಂತನ ಗೋಡೆಗೆ ಏರಿದರೇನು? ಈ ಪ್ರಶ್ನೆ ಸಹಜವಾದುದೇ. ಇದಕ್ಕೆ ಉತ್ತರ ಹುಡುಕುವವರು ಅಲಾಸ್ಕಾದ ಹಳೆಯ ಕಥೆಯನ್ನು ಸ್ವಲ್ಪ ಕೆದಕಬೇಕಾಗುತ್ತದೆ.

ಬಾಲಕ್ಕೆ ಬೆಲೆ, ಕಾಲಿಗೆ ಬೆಲೆ

ಅಲಾಸ್ಕಾವನ್ನು ಅಮೆರಿಕಾದವರು 1867ರಲ್ಲಿ ರಷ್ಯಾದಿಂದ 72 ಲಕ್ಷ ಡಾಲರಿಗೆ ಕೊಂಡುಕೊಂಡರು. ಅದರ ವಿಸ್ತೀರ್ಣ ಸುಮಾರು 17 ಲಕ್ಷ ಚದರ ಕಿಲೋಮೀಟರು; ಹೆಚ್ಚು ಕಡಿಮೆ ಒಂಬತ್ತು ಕರ್ನಾಟಕಗಳನ್ನು ಅದರಲ್ಲಿ ಇಡಬಹುದು. ಜನಸಂಖ್ಯೆಯಾದರೋ ಇಂದಿಗೂ ಏಳೂವರೆ ಲಕ್ಷದಷ್ಟಿಲ್ಲ. ರಷ್ಯನ್ನರನ್ನು ಅಲ್ಲಿಗೆ ಎಳೆದು ತಂದುದೇ ತುಪ್ಪಳದ ಆಸೆ. ಕಡಲ ನೀರುನಾಯಿಯ ಮೃದುವಾದ ತುಪ್ಪಳಕ್ಕಾಗಿ ಅದರ ಸಂತತಿಯನ್ನು ಬಹುಮಟ್ಟಿಗೆ ಅಳಿಸಿಯೇ ಬಿಟ್ಟಿದ್ದರು. ಅನಂತರ ಬಂದ ಅಮೆರಿಕನ್ನರಿಗೆ ಇನ್ನೊಂದು ಹಂಬಲ ಹತ್ತಿಕೊಂಡಿತು: ಮನುಷ್ಯನಿಗೆ ಬೇಕಾದ ಬೇಟೆಯನ್ನು ತಿನ್ನುವ ಪ್ರಾಣಿಗಳನ್ನೆಲ್ಲ ನಿರ್ಮೂಲ ಮಾಡಬೇಕೆಂಬುದು.

1915ರಲ್ಲಿ ಅಲ್ಲಿನ ಪ್ರಾಂತೀಯ ಶಾಸನಸಭೆ ಒಂದು ತೋಳಕ್ಕೆ 10 ಡಾಲರುಗಳಂತೆ ಇನಾಮು ಗೊತ್ತುಮಾಡಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಹದ್ದುಗಳಿಗೂ ಇನಾಮು ಬಂದಿತು. ಆ ಹದ್ದು ಬೇರೆ ಯಾವುದೂ ಅಲ್ಲ, ಅಮೆರಿಕಾದ ರಾಷ್ಟ್ರಮುದ್ರೆಯ ಮೇಲಿರುವ ಬಿಳಿತಲೆಯ ಹದ್ದು! ಸಾಲ್ಮನ್ ಮೀನನ್ನು ತಿನ್ನುತ್ತದೆಂಬುದು ಅದರ ಮೇಲಿನ ಆರೋಪ. ಹದ್ದಿನ ಜೋಡಿ ಕಾಲುಗಳನ್ನು ತಂದೊಪ್ಪಿಸಿದವನಿಗೆ ಹಣ ಸಿಕ್ಕುತ್ತಿತ್ತು. 1950ರ ದಶಕದ ಆರಂಭದಲ್ಲಿ ಈ ಪದ್ಧತಿ ನಿಲ್ಲುವ ವೇಳೆಗೆ ಲಕ್ಷಕ್ಕೂ ಮೀರಿ ಹದ್ದುಗಳು ಸತ್ತಿದ್ದವು. ಸಾಲ್ಮನ್ ಮೊಟ್ಟೆಗಳನ್ನು ತಿನ್ನುತ್ತದೆಂಬ ಅಪವಾದ ಹೊತ್ತ ಇನ್ನೊಂದು ಮೀನಿನ ಬಾಲಕ್ಕೂ ಒಂದಕ್ಕೆ ಎರಡೂವರೆ ಸೆಂಟು ಬೆಲೆ ಕಟ್ಟಿದ್ದರು. ಹೀಗೆ ಸಂಗ್ರಹವಾದ ಬಾಲಗಳನ್ನು ತಜ್ಞರು ಪರೀಕ್ಷಿಸಿದಾಗ ಅವುಗಳಲ್ಲಿ ಬಹುಪಾಲು ಆ ಮೀನಿನ ಬಾಲಗಳೇ ಆಗಿರಲಿಲ್ಲ. ಯಾವ ಸಾಲ್ಮನ್ನನ್ನು ಉಳಿಸುವುದಕ್ಕಾಗಿ ಸರ್ಕಾರ ಹಣ ತೆರುತ್ತಿತ್ತೋ ಅದರ ಬಾಲಗಳೂ ಆ ರಾಶಿಯಲ್ಲಿದ್ದವು. ಬೊಕ್ಕಸದ ಹಣ ತೆತ್ತು ಸ್ವಂತ ಮೀನನ್ನೇ ಕೊಲ್ಲಿಸಿಕೊಂಡ ಈ ಬುದ್ಧಿವಂತಿಕೆಗೆ ಸಮನಾದುದು ಆಡಳಿತದ ಇತಿಹಾಸದಲ್ಲಿ ವಿರಳ.

ಇನಾಮಿನ ಪದ್ಧತಿಯ ಲಕ್ಷಣವೇ ಇದು. ಅದಕ್ಕೆ ಪ್ರಾಣಿ ಬೇಕಾಗಿಲ್ಲ, ಗುರುತು ಸಾಕು. ಕಾಲು ಬಂದರೆ ಹಣ ಹೋಯಿತು. ಮಿಕ್ಕ ದೇಹ ಏನಾಯಿತೆಂದು ಕೇಳುವವರಿಲ್ಲ. 1948ರಿಂದ ಮುಂದಕ್ಕೆ ಕೇಂದ್ರ ಸರ್ಕಾರದ ನೌಕರರೇ ತೋಳಗಳಿಗೆ ವಿಷವಿಡುವ ಕೆಲಸಕ್ಕೆ ತೊಡಗಿದಾಗ ಗುರುತಿನ ಅಗತ್ಯವೂ ಇಲ್ಲವಾಯಿತು. ವಿಷ ತಿಂದ ತೋಳ ಎಲ್ಲಿಯೋ ದೂರ ಹೋಗಿ ಹಿಮದಲ್ಲಿ ಹೂತು ಸಾಯುತ್ತಿತ್ತು. ಅದರ ಜೊತೆಗೆ ಅದೇ ಎರೆಯನ್ನು ಮುಟ್ಟಿದ ನರಿ, ವುಲ್ವರೀನ್, ಕಾಗೆಗಳೂ ಸಾಯುತ್ತಿದ್ದವು. ಎಷ್ಟು ಸತ್ತವೆಂಬ ಲೆಕ್ಕ ಯಾರ ಪುಸ್ತಕದಲ್ಲಿಯೂ ಪೂರ್ತಿಯಾಗಿ ಸೇರಲಿಲ್ಲ.

1959ರಲ್ಲಿ ಅಲಾಸ್ಕಾ ಪೂರ್ಣ ರಾಜ್ಯವಾಯಿತು. ಆ ರಾಜ್ಯದ ಸಂವಿಧಾನದಲ್ಲಿ ಒಂದು ವಿಶೇಷವಿದೆ. ಕಾಡಿನ ಪ್ರಾಣಿಗಳು ಸಹಜ ಸ್ಥಿತಿಯಲ್ಲಿರುವಷ್ಟು ಕಾಲ ಎಲ್ಲ ಜನರ ಸಾಮಾನ್ಯ ಉಪಯೋಗಕ್ಕೆ ಮೀಸಲೆಂದೂ, ಮತ್ತೆ ಮತ್ತೆ ಬೆಳೆಯಬಲ್ಲ ಸಂಪತ್ತುಗಳನ್ನು ಬರಿದಾಗದ ರೀತಿಯಲ್ಲಿ ಬಳಸಬೇಕೆಂದೂ ಅದು ವಿಧಿಸಿದೆ. ಸಂಪತ್ತು ಎಂದ ಮೇಲೆ ಅದರಲ್ಲಿ ತೋಳವನ್ನು ಸೇರಿಸಬೇಕೆ, ಬೇಡವೆ? 1963ರಲ್ಲಿ ಅದಕ್ಕೆ ಉತ್ತರ ದೊರೆಯಿತು. ಅಲ್ಲಿಯವರೆಗೆ ಪೀಡೆಯೆನಿಸಿದ್ದ ತೋಳವನ್ನು ‘ದೊಡ್ಡ ಬೇಟೆ’ ಮತ್ತು ‘ತುಪ್ಪಳದ ಪ್ರಾಣಿ’ ಎಂಬ ಎರಡು ವರ್ಗಗಳಲ್ಲಿ ಸೇರಿಸಿದರು. ಪೀಡೆಗೆ ಲೆಕ್ಕವಿಲ್ಲ, ಸಂಪತ್ತಿಗೆ ಲೆಕ್ಕವುಂಟು. ತೊಗಲನ್ನು ಪೋಲು ಮಾಡಬಾರದೆಂಬ ನಿಯಮದ ಬೇರು ಇಲ್ಲಿದೆ. ಸಾರ್ವಜನಿಕರ ಸೊತ್ತೊಂದನ್ನು ಒಬ್ಬನು ತನ್ನ ಪಾಲೆಂದು ತೆಗೆದುಕೊಂಡ ಮೇಲೆ ಅದನ್ನು ಬಳಸಿಯೇ ತೀರಬೇಕು; ತೆಗೆದುಕೊಂಡು ಎಸೆಯುವುದು ಮಿಕ್ಕವರ ಪಾಲನ್ನು ಕದ್ದಂತೆ.

ಕಡವೆಗೊಂದು ನ್ಯಾಯ, ತೋಳಕ್ಕೊಂದು ನ್ಯಾಯ

ಅಲಾಸ್ಕಾದ ಬೇಟೆಯ ನಿಯಮಗಳನ್ನು ಓದುವವನಿಗೆ ಒಂದು ಕೌತುಕ ಕಾಣುತ್ತದೆ. ಮೂಸ್ ಎಂಬ ದೈತ್ಯ ಕಡವೆಯನ್ನು ಹೊಡೆದವನು ಅದರ ಮಾಂಸವನ್ನೆಲ್ಲ ಹೊತ್ತು ತರಬೇಕು. ಕೊಂಬನ್ನು ಮಾತ್ರ ಮೊದಲು ಸಾಗಿಸಿ ಮಾಂಸವನ್ನು ಆಮೇಲೆ ನೋಡಿಕೊಳ್ಳುತ್ತೇನೆಂದರೆ ನಡೆಯದು. ದೊಡ್ಡ ಬೇಟೆಯ ಮಾಂಸವನ್ನು ಹಾಳುಗೆಡವಿ ಅದರ ಹಿಂತೊಡೆಗಳನ್ನೂ ಬಿಟ್ಟು ಬಂದವನಿಗೆ ಕನಿಷ್ಠ 7 ದಿನಗಳ ಸೆರೆಮನೆ ಕಾದಿರುತ್ತದೆ. ಆದರೆ ಮೂಸ್‌ನ ತೊಗಲನ್ನು ಬಿಟ್ಟು ಬರಬಹುದು. ತೋಳದ ವಿಷಯದಲ್ಲಿ ಇದು ತಿರುಗುಮುರುಗು: ತೊಗಲನ್ನು ತರಲೇಬೇಕು, ಮಾಂಸವನ್ನು ಬಿಟ್ಟರೆ ದೋಷವಿಲ್ಲ. ತೊಗಲು ಸುಲಿದ ತುಪ್ಪಳದ ಪ್ರಾಣಿಯ ದೇಹವನ್ನು ಗಾಡಿಯೆಳೆಯುವ ನಾಯಿಗಳಿಗೆ ಹಾಕಬಹುದು, ಬೋನಿಗೆ ಎರೆಯಾಗಿಯೂ ಇಡಬಹುದು.

ಕಪ್ಪು ಕರಡಿಯ ವಿಷಯದಲ್ಲಿ ನಿಯಮ ಪಂಚಾಂಗ ನೋಡಿಕೊಂಡು ನಡೆಯುತ್ತದೆ. ಜನವರಿ 1ರಿಂದ ಮೇ 31ರವರೆಗೆ ಹೊಡೆದರೆ ಮಾಂಸವನ್ನು ತರಲೇಬೇಕು; ಆಮೇಲಿನ ತಿಂಗಳುಗಳಲ್ಲಿ ಹಲವು ಕಡೆ ಮಾಂಸವನ್ನು ಬಿಡಬಹುದು. ಇದಕ್ಕೆ ಕಾರಣವನ್ನು ಬೇಟೆಗಾರರು ಬಲ್ಲರು. ಚಳಿನಿದ್ದೆಯಿಂದೆದ್ದು ಹುಲ್ಲು ಚಿಗುರು ಮೆಲ್ಲುವ ಕರಡಿಯ ಮಾಂಸ ರುಚಿ. ಬೇಸಗೆಯಲ್ಲಿ ಹೊಳೆಯ ದಂಡೆಯಲ್ಲಿ ಕುಳಿತು ಸಾಲ್ಮನ್ ಮೀನನ್ನೇ ಉಂಡ ಕರಡಿಯ ಮಾಂಸ ಒಲೆಯ ಮೇಲಿಟ್ಟರೆ ಮನೆಯವರು ಹೊರಗೆ ಓಡಬೇಕಾದೀತು.

ತೊಗಲು ತರುವುದೆಂದರೆ ಮಾತಿನಷ್ಟು ಸುಲಭವಲ್ಲ. ಅಲಾಸ್ಕಾದ ಬೆಳೆದ ಗಂಡು ತೋಳ 40ರಿಂದ 50 ಕಿಲೋಗ್ರಾಂ ತೂಗುತ್ತದೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿ ಉರುಲಿಗೆ ಬಿದ್ದು ಸತ್ತ ತೋಳ ಮರದ ದಿಮ್ಮಿಯಂತೆ ಸೆಟೆದಿರುತ್ತದೆ. ಅದನ್ನು ಜಾರುಗಾಡಿಯ ಮೇಲೆ ಹೇರಿ, ಗುಡಿಸಲಿಗೆ ತಂದು, ಒಲೆಯ ಬೆಚ್ಚನೆಯಲ್ಲಿ ಒಂದೆರಡು ದಿನ ಕರಗಿಸಿದ ಹೊರತು ಚೂರಿ ಇಳಿಯದು. ಹಾಗೆಂದು ಬೆಂಕಿಗೆ ತೀರ ಹತ್ತಿರವಿಟ್ಟರೆ ಕೂದಲು ಬೇರು ಬಿಟ್ಟು ಉದುರುತ್ತದೆ. ಸುಲಿಯುವಾಗಲೂ ಹೊಟ್ಟೆಯನ್ನು ಸೀಳುವುದಿಲ್ಲ. ಹಿಂಗಾಲುಗಳ ಕಡೆಯಿಂದ ಬಿಡಿಸುತ್ತ, ಅಂಗಿ ಕಳಚಿದಂತೆ ತಲೆಯವರೆಗೆ ಮಗುಚಿ ತೆಗೆಯುತ್ತಾರೆ. ಕಿವಿ, ಕಣ್ಣು, ತುಟಿಗಳ ಬಳಿ ಒಂದು ಗೆರೆ ತಪ್ಪಿದರೆ ಬೆಲೆ ಅರ್ಧಕ್ಕಿಳಿಯಿತು. ಅನಂತರ ಒಳಮೈಯ ಕೊಬ್ಬು ಮಾಂಸಗಳನ್ನು ಹೆರೆದು, ಉದ್ದನೆಯ ಹಲಗೆಗೆ ಬಿಗಿದು, ಅರೆ ಒಣಗಿದಾಗ ಮತ್ತೆ ತಿರುಗಿಸಿ ಕೂದಲನ್ನು ಹೊರಕ್ಕೆ ತರಬೇಕು. ಪಳಗಿದವನಿಗೂ ಇದು ಗಂಟೆಗಟ್ಟಲೆ ಕೆಲಸ.

ಇಷ್ಟೆಲ್ಲ ಮಾಡಿದ ಮೇಲೆ ಮೊಹರಿನ ಸರದಿ. ಸಾಮಾನ್ಯವಾಗಿ 30 ದಿನಗಳ ಗಡುವಿನೊಳಗೆ ತೊಗಲನ್ನು ಸರ್ಕಾರ ನೇಮಿಸಿದವನ ಬಳಿಗೆ ಒಯ್ಯಬೇಕು. ಸಣ್ಣ ಹಳ್ಳಿಗಳಲ್ಲಿ ಆ ಊರಿನವನೇ ಒಬ್ಬನು ಈ ಕೆಲಸಕ್ಕೆ ನೇಮಕವಾಗಿರುತ್ತಾನೆ. ಗಂಡೋ ಹೆಣ್ಣೋ, ಯಾವ ಬಣ್ಣ, ಯಾವ ದಿನ, ಯಾವ ಹೊಳೆಯ ದಂಡೆಯಲ್ಲಿ, ಬಂದೂಕಿನಿಂದಲೋ ಬೋನಿನಿಂದಲೋ – ಎಲ್ಲವನ್ನೂ ಬರೆದುಕೊಂಡು, ಒಮ್ಮೆ ಬೀಗಿದರೆ ಕತ್ತರಿಸದೆ ಬಿಚ್ಚಲಾಗದ ಬಿಲ್ಲೆಯೊಂದನ್ನು ಆತನು ತೊಗಲಿಗೆ ಸಿಕ್ಕಿಸುತ್ತಾನೆ. ಕರಡಿಯಾದರೆ ಬುರುಡೆಯ ಅಳತೆ ತೆಗೆದು, ಒಂದು ಸಣ್ಣ ಹಲ್ಲನ್ನು ಕೀಳುತ್ತಾರೆ. ಮರದ ಸುತ್ತುಗಳಂತೆ ಹಲ್ಲಿನೊಳಗೂ ವರ್ಷಕ್ಕೊಂದು ಪದರವಿರುವುದರಿಂದ ಅದನ್ನು ಕೊಯ್ದು ನೋಡಿ ವಯಸ್ಸನ್ನು ತಿಳಿಯಬಹುದು.

ಅಲಾಸ್ಕಾದಲ್ಲಿ 7,000ದಿಂದ 11,000 ತೋಳಗಳಿವೆಯೆಂದು ಅಲ್ಲಿನ ಇಲಾಖೆ ಅಂದಾಜು ಮಾಡಿದೆ. ಇಷ್ಟು ದೊಡ್ಡ ನಾಡಿನಲ್ಲಿ, ರಸ್ತೆಗಳೇ ಇಲ್ಲದ ಕಾಡಿನಲ್ಲಿ, ತೋಳವನ್ನು ಎಣಿಸುವವರಾರು? ಬಿಲ್ಲೆಯಿಂದ ಬಿಲ್ಲೆಗೆ ಕೂಡಿ ಬರುವ ಈ ದಾಖಲೆಗಳೇ ಎಷ್ಟು ಸತ್ತವು, ಎಲ್ಲಿ ಸತ್ತವು ಎಂಬುದನ್ನು ತಿಳಿಸುತ್ತವೆ. ಹಾಗೆ ನೋಡಿದರೆ ತೊಗಲು ಬರಿಯ ತೊಗಲಲ್ಲ, ಅದೊಂದು ಮರಣಪತ್ರ. ಅದನ್ನು ಕಾಡಿನಲ್ಲಿ ಬಿಟ್ಟು ಬಂದವನು ಒಂದು ಸಾವನ್ನೇ ಮುಚ್ಚಿಟ್ಟಂತಾಗುತ್ತದೆ.

ಸತ್ತ ಮೇಲಿನ ಸತ್ಕಾರ

ಕಾಯಿದೆ ಹುಟ್ಟುವುದಕ್ಕಿಂತ ಎಷ್ಟೋ ಕಾಲ ಮೊದಲಿನಿಂದ ಅಲ್ಲಿ ಬಾಳಿಕೊಂಡು ಬಂದ ಮೂಲನಿವಾಸಿಗಳಿಗೆ ಪೋಲು ಮಾಡಬಾರದೆಂಬ ಮಾತನ್ನು ಯಾವ ಶಾಸನಸಭೆಯೂ ಕಲಿಸಬೇಕಾಗಿರಲಿಲ್ಲ. ಒಳನಾಡಿನ ಕೊಯುಕಾನ್ ಜನರ ನಡುವೆ ಇದ್ದು ಅವರ ನಡೆನುಡಿಗಳನ್ನು ಗ್ರಂಥಸ್ಥಗೊಳಿಸಿದ ಮಾನವಶಾಸ್ತ್ರಜ್ಞ ರಿಚರ್ಡ್ ನೆಲ್ಸನ್ ಅವರು ಅವರಲ್ಲಿನ ಒಂದು ವಾಡಿಕೆಯನ್ನು ವಿವರಿಸಿದ್ದಾರೆ. ವುಲ್ವರೀನ್ ಅವರ ಪಾಲಿಗೆ ಒಡೆಯನಿದ್ದಂತೆ. ಬೋನಿಗೆ ಬಿದ್ದ ವುಲ್ವರೀನನ್ನು ಮನೆಗೆ ತಂದಾಗ ಹಿರಿಯ ಅತಿಥಿಯೊಬ್ಬನು ಬಂದಂತೆ ಬರಮಾಡಿಕೊಂಡು, ಅದರ ಮುಂದೆ ಒಳ್ಳೆಯ ಆಹಾರವನ್ನು ಇಡುತ್ತಿದ್ದರು. ಪ್ರಾಣಿ ಸತ್ತರೂ ಅದರ ಚೈತನ್ಯ ಒಡನೆಯೇ ಹೋಗುವುದಿಲ್ಲ. ಅವಮಾನ ಮಾಡಿದವನಿಗೆ ಮುಂದೆ ಬೇಟೆ ಸಿಕ್ಕದು ಎಂಬುದು ಅವರ ನಂಬಿಕೆ.

ನಂಬಿಕೆಯ ಜೊತೆಗೆ ಉಪಯೋಗವೂ ಇತ್ತು. ಉತ್ತರದ ಹಳ್ಳಿಗಳಲ್ಲಿ ತೊಡುವ ಪಾರ್ಕಾ ಎಂಬ ದಪ್ಪ ನಿಲುವಂಗಿಯ ತಲೆಮುಸುಕಿನ ಅಂಚಿಗೆ ತೋಳದ ಅಥವಾ ವುಲ್ವರೀನಿನ ತುಪ್ಪಳವನ್ನು ಹೊಲಿಯುತ್ತಾರೆ. ಅದು ಸೊಗಸಿಗಾಗಿ ಮಾತ್ರ ಎಂದುಕೊಂಡರೆ ತಪ್ಪು. ಆ ಚಳಿಯಲ್ಲಿ ಮನುಷ್ಯನ ಉಸಿರೇ ಮುಖದ ಸುತ್ತಲಿನ ಬಟ್ಟೆಯ ಮೇಲೆ ಮಂಜುಗಡ್ಡೆಯಾಗಿ ಕಟ್ಟಿಕೊಳ್ಳುತ್ತದೆ. ವುಲ್ವರೀನಿನ ಕೂದಲಿನ ಮೇಲೆ ಕಟ್ಟಿದ ಹೆಪ್ಪು ಮಾತ್ರ ಕೈಯಿಂದ ತಟ್ಟಿದರೆ ಉದುರಿ ಹೋಗುತ್ತದೆ. ತೋಳದ ನೀಳವಾದ ಕೂದಲು ಮುಖದ ಸುತ್ತ ಗಾಳಿಯನ್ನು ಮುರಿದು ಕೆನ್ನೆ ಮೂಗುಗಳನ್ನು ಕಾಪಾಡುತ್ತದೆ. ತಾಯಂದಿರು ಮಕ್ಕಳ ಅಂಗಿಗೆ ಇದನ್ನು ಹೊಲಿಯುವಾಗ ಅವರ ಎದುರಿಗಿರುವುದು ಶೃಂಗಾರದ ಯೋಚನೆಯಲ್ಲ.

ಇಂತಹ ಜನರಿಗೇ ಸರ್ಕಾರದ ನಿಯಮ ಒಂದು ಕಾಲಕ್ಕೆ ಕಂಟಕವಾಯಿತೆಂಬುದು ಸೋಜಿಗ. ಪಶ್ಚಿಮ ಅಲಾಸ್ಕಾದ ಯೂಪಿಕ್ ಜನರು ಕಂದು ಕರಡಿಯನ್ನು ಮಾಂಸಕ್ಕಾಗಿ ಬೇಟೆಯಾಡುತ್ತಿದ್ದರು. ಅದರ ತಲೆಬುರುಡೆಯನ್ನು ಕಾಡಿನಲ್ಲಿಯೇ ಮರ್ಯಾದೆಯಿಂದ ಇರಿಸಿ ಬರುವುದು ಅವರ ಹಿರಿಯರಿಂದ ಬಂದ ಪದ್ಧತಿ. ಕಾಯಿದೆಯಾದರೋ ಬುರುಡೆಯನ್ನು ತಂದು ಅಳತೆಗೆ ಕೊಡು ಎನ್ನುತ್ತಿತ್ತು. ಗೋಡೆಗೆ ಕರಡಿಯ ತಲೆ ತೂಗುಹಾಕಲು ಸಾವಿರಾರು ಮೈಲಿಗಳಿಂದ ಬರುವ ಹಣವಂತನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ನಿಯಮವದು. ಅವನು ಮಾಂಸವನ್ನು ಬಿಟ್ಟು ಹೋದರೂ ಆಕ್ಷೇಪವಿರಲಿಲ್ಲ. ಮಾಂಸವನ್ನು ಉಂಡು ಬುರುಡೆಯನ್ನು ಗೌರವದಿಂದ ಕಾಡಿಗೊಪ್ಪಿಸುವವನು ಮಾತ್ರ ಅಪರಾಧಿ! ಪೋಲು ಎಂಬ ಮಾತಿಗೆ ಇಬ್ಬರ ನಿಘಂಟಿನಲ್ಲಿಯೂ ಬೇರೆ ಬೇರೆ ಅರ್ಥವಿತ್ತು.

ಕೊನೆಗೆ 1990ರ ದಶಕದ ಆರಂಭದಲ್ಲಿ ಅಧಿಕಾರಿಗಳು ಹಳ್ಳಿಯವರ ಮಾತಿಗೆ ಕಿವಿಗೊಟ್ಟರು. ಉಣಿಸಿಗಾಗಿ ಕರಡಿಯನ್ನು ಹೊಡೆಯುವವರಿಗೆ ಪಶ್ಚಿಮದ ಕೆಲವು ವಲಯಗಳಲ್ಲಿ ಪ್ರತ್ಯೇಕ ನಿಯಮ ಬಂದಿತು: ಮಾಂಸವನ್ನು ಪೂರ್ತಿಯಾಗಿ ಬಳಸಬೇಕು, ತೊಗಲು ಬುರುಡೆಗಳನ್ನು ತರಲೇಬೇಕೆಂಬ ಕಟ್ಟಳೆಯಿಲ್ಲ. ಈ ರಿಯಾಯಿತಿಯನ್ನು ಶೋಕಿಯ ಬೇಟೆಗಾರರು ದುರುಪಯೋಗ ಮಾಡಿಕೊಳ್ಳದಂತೆ ಒಂದು ಬುದ್ಧಿವಂತ ಕೊಕ್ಕೆಯನ್ನೂ ಇಟ್ಟರು. ತೊಗಲನ್ನು ಆ ವಲಯದಿಂದ ಹೊರಗೆ ಸಾಗಿಸಬೇಕೆನ್ನುವವನು ಅದಕ್ಕೆ ಮೊಹರು ಹಾಕಿಸಬೇಕು. ಮೊಹರು ಹಾಕುವಾತನು ತಲೆಯ ತೊಗಲನ್ನೂ ಮುಂಗಾಲಿನ ಉಗುರುಗಳನ್ನೂ ಕತ್ತರಿಸಿ ಸರ್ಕಾರಕ್ಕೆ ಇಟ್ಟುಕೊಳ್ಳುತ್ತಾನೆ. ತಲೆಯೂ ಉಗುರೂ ಇಲ್ಲದ ಕರಡಿಯ ತೊಗಲು ಯಾರ ದಿವಾನಖಾನೆಗೂ ಬೇಡ.

ನಿಯಮದ ತೂತುಗಳು

ಇಷ್ಟರಿಂದ ಅಲಾಸ್ಕಾದ ತೋಳಗಳೆಲ್ಲ ಸುಖವಾಗಿವೆಯೆಂದು ತಿಳಿಯಬೇಕಾಗಿಲ್ಲ. ತುಪ್ಪಳ ತುಂಬಿ ಬರುವುದು ಚಳಿಗಾಲದಲ್ಲಿ. ಆಗ ಸುಲಿದ ತೊಗಲಿನ ಒಳಮೈ ಕೆನೆಯಂತೆ ಬೆಳ್ಳಗಿರುತ್ತದೆ. ಬೇಸಗೆಯಲ್ಲಿ ಹೊಸ ಕೂದಲು ಮೊಳೆಯುತ್ತಿರುವುದರಿಂದ ಒಳಮೈ ಕಪ್ಪಿಟ್ಟಿರುತ್ತದೆ, ಹೊರಗೆ ಕೂದಲು ತೆಳ್ಳಗಿರುತ್ತದೆ. ಅಂತಹ ತೊಗಲನ್ನು ವರ್ತಕನು ಮುಟ್ಟುವುದಿಲ್ಲ. ಆದರೂ ಹಲವು ವಲಯಗಳಲ್ಲಿ ಬಂದೂಕಿನ ಬೇಟೆಗೆ ಆಗಸ್ಟ್ 10ರಂದೇ ಬಾಗಿಲು ತೆರೆಯುತ್ತದೆ. ಮೂಸ್ ಹುಡುಕಿಕೊಂಡು ಹೋದವನು ಕಣ್ಣಿಗೆ ಬಿದ್ದ ತೋಳಕ್ಕೂ ಒಂದು ಗುಂಡು ಹಾಕಲಿ ಎಂಬುದು ಇದರ ಮರ್ಮ. ಉಪಯೋಗವಿಲ್ಲದ ತೊಗಲನ್ನು ಉಪಯೋಗಿಸೆಂದು ಆಜ್ಞಾಪಿಸುವ ಈ ನಿಯಮವನ್ನು ಕಪಟವೆನ್ನುವವರು ಅಲಾಸ್ಕಾದಲ್ಲಿಯೇ ಇದ್ದಾರೆ. ತೊಗಲನ್ನು ಮನೆಗೆ ತಂದು ಮೊಹರು ಹಾಕಿಸಿದ ಮೇಲೆ ಅದು ಅಟ್ಟದ ಮೇಲೆ ಹುಳು ಹಿಡಿದರೂ ಕೇಳುವವರಿಲ್ಲ. ಕಾಯಿದೆಯ ಕೈ ಹೊಸ್ತಿಲವರೆಗೆ ಮಾತ್ರ.

ಇನ್ನೊಂದು ತೂತು ಆಕಾಶದಲ್ಲಿದೆ. ಸಣ್ಣ ವಿಮಾನಗಳಲ್ಲಿ ಕುಳಿತು ಬಯಲಿನಲ್ಲಿ ಓಡುವ ತೋಳಗಳನ್ನು ಸುಡುವ ಆಟಕ್ಕೆ 1971ರ ಕೇಂದ್ರ ಶಾಸನ ತಡೆ ಹಾಕಿತಾದರೂ, ರಾಜ್ಯ ಸರ್ಕಾರ ತನ್ನ ಆಡಳಿತದ ಅಗತ್ಯಕ್ಕೆ ಅನುಮತಿ ಕೊಡಬಹುದೆಂದು ಒಂದು ಸಂದಿ ಬಿಟ್ಟಿತು. ಮೂಸ್ ಮತ್ತು ಹಿಮಸಾರಂಗಗಳನ್ನು ಹೆಚ್ಚಿಸುವ ಉದ್ದೇಶ ಹೇಳಿ 2003ರಿಂದ ಈಚೆಗೆ ಅಲಾಸ್ಕಾ ಈ ಸಂದಿಯನ್ನು ಉಪಯೋಗಿಸಿತು. ವಿಮಾನ ನಡೆಸುವ ಖಾಸಗಿಯವರಿಗೆ ಸಂಬಳವಿರಲಿಲ್ಲ, ತೊಗಲೇ ಸಂಭಾವನೆ. ಪೆಟ್ರೋಲಿನ ಬೆಲೆ ಏರಿ ತೊಗಲಿನ ಹಣ ಸಾಲದೆ ಹೋದಾಗ, 2007ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರ ತೋಳದ ಎಡ ಮುಂಗಾಲೊಂದಕ್ಕೆ 150 ಡಾಲರು ಕೊಡುವುದಾಗಿ ಪ್ರಕಟಿಸಿತು. ವಿಜ್ಞಾನದ ಪರೀಕ್ಷೆಗೆ ಮುಂಗಾಲಿನ ಎಲುಬು ಬೇಕೆಂಬ ಕಾರಣವೂ ಅದರ ಜೊತೆಗಿತ್ತು. ಇದು ಹಳೆಯ ಇನಾಮೇ ಹೊಸ ವೇಷದಲ್ಲಿ ಬಂದಿದೆಯೆಂದು ವಿರೋಧಿಗಳು ನ್ಯಾಯಾಲಯಕ್ಕೆ ಹೋದರು; ಇನಾಮು ಕೊಡುವ ಅಧಿಕಾರ ಸರ್ಕಾರಕ್ಕೆ ಇಲ್ಲವೆಂದು ನ್ಯಾಯಾಧೀಶರು ಅದನ್ನು ಕೆಲವೇ ದಿನಗಳಲ್ಲಿ ತಡೆದರು. 1915ರಲ್ಲಿ ಕೇವಲ 10 ಡಾಲರಿನಿಂದ ಮೊದಲಾದ ಕಥೆ ತೊಂಬತ್ತೆರಡು ವರ್ಷಗಳ ಮೇಲೂ ಮುಂಗಾಲಿನ ಸುತ್ತಲೇ ತಿರುಗುತ್ತಿದ್ದುದು ವಿಚಿತ್ರ.

ಇವೆಲ್ಲಕ್ಕಿಂತ ನಿಯಮದ ಒಳದನಿ ಸ್ಪಷ್ಟವಾಗಿ ಕೇಳುವುದು ಆತ್ಮರಕ್ಷಣೆಯ ಪ್ರಕರಣಗಳಲ್ಲಿ. ಮನೆಯಂಗಳಕ್ಕೆ ನುಗ್ಗಿದ ಕರಡಿಯನ್ನು ಪ್ರಾಣಭಯದಿಂದ ಕೊಂದವನಿಗೆ ಶಿಕ್ಷೆಯಿಲ್ಲ. ಆದರೆ ಅದರ ತೊಗಲನ್ನು ಉಗುರು ಸಹಿತ ಸುಲಿದು, ಬುರುಡೆಯೊಡನೆ ಸರ್ಕಾರಕ್ಕೆ ಒಪ್ಪಿಸಿ, 15 ದಿನಗಳೊಳಗೆ ನಡೆದುದನ್ನು ಲಿಖಿತವಾಗಿ ತಿಳಿಸಬೇಕು. ಕಸವನ್ನು ಕಂಡಲ್ಲಿ ಸುರಿದು ಕರಡಿಯನ್ನು ತಾನೇ ಕರೆಸಿಕೊಂಡವನಿಗೆ ಈ ರಕ್ಷಣೆ ದೊರೆಯದು. ತೊಗಲು ಕೊಂದವನ ಪಾಲಿಗೆ ಬಾರದೆಂದು ಮೊದಲೇ ತಿಳಿದಿದ್ದರೆ, ಆಸೆಯಿಂದ ಹೊಡೆದು ಭಯದಿಂದ ಹೊಡೆದೆನೆಂದು ಹೇಳುವವರ ಸಂಖ್ಯೆ ಕಡಿಮೆಯಾಗುತ್ತದೆ. ಹೀಗೆ ಸೇರಿದ ತೊಗಲುಗಳನ್ನು ಸರ್ಕಾರ ಆಂಕರೇಜ್ ನಗರದಲ್ಲಿ ಚಳಿಗಾಲದ ಕೊನೆಗೆ ನಡೆಯುವ ತುಪ್ಪಳದ ಜಾತ್ರೆಯಲ್ಲಿ ಬಹಿರಂಗ ಹರಾಜು ಹಾಕುತ್ತದೆ. 1935ರಿಂದ ನಡೆದು ಬಂದಿರುವ ಈ ಜಾತ್ರೆಗೆ ನಾಯಿಬಂಡಿಯ ಪಂದ್ಯ ನೋಡುವುದಕ್ಕೆ ಬಂದವರು ಒಂದು ಕರಡಿಯ ತೊಗಲನ್ನೂ ಹೊತ್ತು ಹೋಗುವುದುಂಟು.

ಅಲ್ಲಿ ಹರಾಜು, ಇಲ್ಲಿ ಚಿತೆ

ಭಾರತದ ಕಾಯಿದೆಯೂ ಇದೇ ಮಾತಿನಿಂದ ಹೊರಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 11ನೆಯ ಪ್ರಕರಣದ ಪ್ರಕಾರ ಆತ್ಮರಕ್ಷಣೆಗಾಗಿ ಸದ್ಭಾವನೆಯಿಂದ ಕಾಡುಪ್ರಾಣಿಯನ್ನು ಕೊಂದರೆ ಅಪರಾಧವಲ್ಲ. ಆದರೆ ಕೊಂದ ಪ್ರಾಣಿ ಸರ್ಕಾರದ ಸೊತ್ತು. ಇಲ್ಲಿಯವರೆಗೆ ಎರಡು ದೇಶಗಳೂ ಜೊತೆಯಾಗಿ ನಡೆಯುತ್ತವೆ. ಮುಂದಿನ ಹೆಜ್ಜೆಯಲ್ಲಿ ಒಂದು ಉತ್ತರಕ್ಕೆ ಹೋದರೆ ಇನ್ನೊಂದು ದಕ್ಷಿಣಕ್ಕೆ ಹೋಗುತ್ತದೆ.

ಅದಕ್ಕೆ ಕಾರಣವೂ ಇದೆ. ಬ್ರಿಟಿಷರ ಆಳ್ವಿಕೆಯಲ್ಲಿ ಭಾರತದಲ್ಲಿಯೂ ಇನಾಮಿನ ಪದ್ಧತಿಯಿತ್ತು. ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಲೆಕ್ಕದಂತೆ 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಇನಾಮಿಗಾಗಿ 80,000ಕ್ಕೂ ಹೆಚ್ಚು ಹುಲಿಗಳು, ಒಂದೂವರೆ ಲಕ್ಷಕ್ಕೂ ಮೀರಿ ಚಿರತೆಗಳು, ಎರಡು ಲಕ್ಷ ತೋಳಗಳು ಸತ್ತವು. ಇನಾಮು ಹೋದ ಮೇಲೆ ಶೋಕಿ ಉಳಿಯಿತು. ಮೈಸೂರಿನಲ್ಲಿ 1900ರ ಸುಮಾರಿಗೆ ಆರಂಭವಾದ ವ್ಯಾನ್ ಇಂಗೆನ್ ಅವರ ಕಾರ್ಖಾನೆ ಇದಕ್ಕೆ ಜಗತ್ಪ್ರಸಿದ್ಧ ಸಾಕ್ಷಿ. ರಾಜಮಹಾರಾಜರೂ ವಿದೇಶದ ದೊರೆಗಳೂ ಹೊಡೆದ ಪ್ರಾಣಿಗಳ ತೊಗಲಿಗೆ ಜೀವಕಳೆ ತುಂಬಿ ನಿಲ್ಲಿಸುವ ಆ ಕಲೆಯಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಅಲ್ಲಿ ಸಿದ್ಧವಾದ ಹುಲಿ ಚಿರತೆಗಳ ಸಂಖ್ಯೆ 43,000ಕ್ಕೂ ಮೇಲ್ಪಟ್ಟುದೆಂದು ಹೇಳುತ್ತಾರೆ. ಅಲ್ಲಿ ಒಂದು ತೊಗಲೂ ಪೋಲಾಗಲಿಲ್ಲ. ಪೋಲಾಗದಿದ್ದುದರಿಂದ ಕಾಡಿನ ಹುಲಿಗಳೇನೂ ಉಳಿಯಲಿಲ್ಲ. 1972ರ ಗಣತಿಯಲ್ಲಿ ದೇಶಕ್ಕೆಲ್ಲ ದೊರೆತುದು 1,827 ಹುಲಿಗಳು. ಅಲಾಸ್ಕಾದ ನಿಯಮವನ್ನು ಮೆಚ್ಚುವವರು ಈ ಅಂಕಿಯನ್ನು ಎದುರಿಗಿಟ್ಟುಕೊಂಡು ಮೆಚ್ಚುವುದು ಒಳ್ಳೆಯದು. ವಿಶಾಲವಾದ ನಾಡಿನಲ್ಲಿ, ಕೆಲವೇ ಜನರ ನಡುವೆ, ಸಾವಿರಾರು ತೋಳಗಳಿರುವಾಗ ತೊಗಲನ್ನು ಉಳಿಸೆಂಬುದು ನ್ಯಾಯವಾಗಬಹುದು. ಹತ್ತು ಹಳ್ಳಿಗಳ ನಡುವೆ ಒಂದು ಕಾಡು ಸಿಕ್ಕಿಕೊಂಡಿರುವಲ್ಲಿ ಉಳಿದ ಪ್ರತಿಯೊಂದು ತೊಗಲೂ ಬದುಕಿರುವ ಪ್ರಾಣಿಯ ತಲೆಯ ಮೇಲೆ ಕಟ್ಟಿದ ಬೆಲೆಚೀಟಿ.

ಆದುದರಿಂದ ಭಾರತ ತೊಗಲಿನ ವ್ಯಾಪಾರವನ್ನೇ ಮುಚ್ಚಿತು. ಮೊದಲು ರಫ್ತು ನಿಂತಿತು. 1970ರಲ್ಲಿ ಹುಲಿಬೇಟೆಗೆ ನಿಷೇಧ ಬಂದಿತು. 1972ರ ಕಾಯಿದೆ ಅದಕ್ಕೆ ಬಲ ಕೊಟ್ಟಿತು. ಹಿರಿಯರ ಕಾಲದ ಹುಲಿಚರ್ಮ ಮನೆಯಲ್ಲಿದ್ದರೂ ಸರ್ಕಾರಕ್ಕೆ ತಿಳಿಸದೆ ಇಟ್ಟುಕೊಳ್ಳುವಂತಿಲ್ಲ. ಹಾಗೆ ತಿಳಿಸುವುದಕ್ಕೆ 2003ರಲ್ಲಿ ಕೊನೆಯ ಅವಕಾಶವೆಂದು 180 ದಿನಗಳ ಗಡುವನ್ನೂ ಕೊಟ್ಟಿದ್ದರು. ಕರ್ನಾಟಕದಲ್ಲಿ 2023ರ ಅಕ್ಟೋಬರಿನಲ್ಲಿ ಕೊರಳಿನ ಸರದ ಹುಲಿಯುಗುರೊಂದು ಬಂಧನದವರೆಗೆ ಹೋದಾಗ, ಎಷ್ಟೋ ಮನೆಗಳಲ್ಲಿ ಪೆಟ್ಟಿಗೆಯ ತಳದಲ್ಲಿದ್ದ ಅಜ್ಜನ ಪದಕಗಳು ಹೊರಬಂದು, ಇದು ನಿಜವೋ ನಕಲಿಯೋ ಎಂಬ ಪರೀಕ್ಷೆಗೊಳಗಾದುದು ಕನ್ನಡಿಗರಿಗೆ ನೆನಪಿರಬಹುದು.

ತೋಳಕ್ಕೂ ಕನ್ನಡ ನಾಡಿನಲ್ಲಿ ಕಲ್ಲಿನ ಬದಲು ಆಸರೆ ದೊರೆತಿದೆ. ಮೇಲುಕೋಟೆಯ ಸುತ್ತಲಿನ ಕುರುಚಲು ಕಾಡನ್ನು 1974ರಲ್ಲಿ ತೋಳಗಳ ಸಲುವಾಗಿಯೇ ಅಭಯಾರಣ್ಯವಾಗಿಸಿದರು. ಈಚೆಗೆ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಇನ್ನೊಂದು ತೋಳಧಾಮವಾಗಿದೆ. 2022ರ ಗಣತಿಯಲ್ಲಿ ದೇಶದ ಹುಲಿಗಳ ಅಂದಾಜು 3,682ಕ್ಕೆ ಏರಿತು. ಅವುಗಳಲ್ಲಿ ಕರ್ನಾಟಕದ ಪಾಲು 563.

ಇಷ್ಟು ಹುಲಿಗಳಿರುವಾಗ ಮುಪ್ಪಿನಿಂದಲೋ ಕಾದಾಟದಿಂದಲೋ ಕೆಲವು ಸಾಯುವುದು ಸ್ವಾಭಾವಿಕ. ಅಂತಹ ಹುಲಿಯ ದೇಹ ಸಿಕ್ಕಿದರೆ ಮಾಡಬೇಕಾದುದನ್ನು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಗೊತ್ತುಪಡಿಸಿದೆ. ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡುತ್ತಾರೆ. ಪ್ರಾಧಿಕಾರದ ಪ್ರತಿನಿಧಿಯೂ ಇತರ ಸಾಕ್ಷಿಗಳೂ ಹಾಜರಿರುತ್ತಾರೆ. ಮುಂಗಾಲುಗಳಲ್ಲಿ ಐದೈದು, ಹಿಂಗಾಲುಗಳಲ್ಲಿ ನಾಲ್ಕು ನಾಲ್ಕು, ಒಟ್ಟು 18 ಉಗುರುಗಳಿವೆಯೇ, ಕೋರೆಹಲ್ಲುಗಳಿವೆಯೇ ಎಂದು ನೋಡಿ, ಚಿತ್ರ ತೆಗೆದು, ದೇಹವನ್ನು ಸೌದೆಯ ಮೇಲೆ ಇಡುತ್ತಾರೆ. ಯಾವ ದಿವಾನಖಾನೆಯೂ ಆಸೆಪಡಬಹುದಾದ ಆ ಪಟ್ಟೆಯ ತೊಗಲಿಗೆ ಬೆಂಕಿ ಹತ್ತಿ, ಉಗುರು ಎಲುಬುಗಳೆಲ್ಲ ಬೂದಿಯಾಗುವ ತನಕ ಅಧಿಕಾರಿಗಳು ಅಲ್ಲಿಂದ ಕದಲುವುದಿಲ್ಲ.